ಕಂಬಳಿಯ ಗಂಜಿ ತಿಂದ ಕರಿ ಬೂಷ್ಟು

ಯಾರ ಧ್ವನಿಯನ್ನಾದರೂ ಎರಡು ದಿನ ಕೇಳಿದರೆ ಸಾಕು, ಮೂರನೆಯ ದಿನ ಅದು ನನ್ನ ಗಂಟಲಿಗೆ ಬಂದು ಕೂರುತ್ತಿತ್ತು. ನ್ಯಾಮತಿಯ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರರ ಕೆಮ್ಮು ಕಲಿತು ಒಂದು ವಾರ ಬೆಂಚಿನ ಮೇಲೆ ನಿಂತಿದ್ದೆ. ಹೊನ್ನಾಳಿ ಬಸ್ಸಿನಲ್ಲಿ ‘ರೈಟ್ ರೈಟ್’ ಎಂದು ಕೂಗಿ ಬಸ್ಸು ಹೊರಡಿಸಿ, ಕೆಳಗೇ ಉಳಿದ ಕಂಡಕ್ಟರನನ್ನು ಓಡಿಸಿದ್ದೆ. ಪರೀಕ್ಷೆಯಲ್ಲಿ ಮಾತ್ರ ಯಾರನ್ನೂ ಅನುಕರಿಸಲಿಲ್ಲ. ಅದಕ್ಕೇ ಬಿ.ಎಸ್ಸಿ.ಯಲ್ಲಿ ಸೆಕೆಂಡ್ ಕ್ಲಾಸು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಚನ್ನಗಿರಿಯ ಒಂದು ಹಳೆಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿದೆ. ಗಿರಣಿ ನಿಂತು ವರ್ಷಗಳಾಗಿದ್ದವು. ಆ ಕಟ್ಟಡದಲ್ಲಿ ನಾವು ಬೂಷ್ಟು ಬೆಳೆಯುತ್ತಿದ್ದೆವು.

“ಅದುಕ್ಕೆ ಚನ್ನಗಿರಿಗೆ ಯಾಕಪ್ಪಾ ಹೋಗ್ಬೇಕು?” ಅವ್ವ ಕೇಳಿದಳು. “ನಿನ್ನ ಹಾಸಿಗೆ ಕೆಳಗೇ ಐತಲ್ಲ.”

ಅವ್ವನ ಮಾತು ತೀರಾ ಸುಳ್ಳಲ್ಲ. ಆದರೆ ನಮ್ಮದು ಮಡಿಯಲ್ಲಿ ಬೆಳೆಸಿದ ಬೂಷ್ಟು. ಹತ್ತಿ ಬಟ್ಟೆ ನೇಯುವಾಗ ನೂಲು ಹರಿಯದಿರಲೆಂದು ಗಂಜಿ ಹಾಕುತ್ತಾರೆ. ಬಣ್ಣ ಹಾಕುವ ಮುಂಚೆ ಆ ಗಂಜಿ ಹೋಗಬೇಕು. ಹಳದಿ-ಹಸಿರು ಬಣ್ಣದ ಒಂದು ಜಾತಿಯ ಬೂಷ್ಟು, ಪಿಷ್ಟವನ್ನು ಕರಗಿಸಿ ತಿನ್ನುವುದಕ್ಕಾಗಿ ತನ್ನ ಮೈಯಿಂದ ಒಂದು ಕಿಣ್ವವನ್ನು ಹೊರಗೆ ಬಿಡುತ್ತದೆ. ಅದರ ಊಟದ ಉಪಾಯವನ್ನು ನಾವು ಕದಿಯುತ್ತಿದ್ದೆವು, ಅಷ್ಟೆ. ಬೂಸಾವನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ತಗಡಿನ ತಟ್ಟೆಗಳಲ್ಲಿ ಹರಡಿ, ಅದರ ಮೇಲೆ ಬೂಷ್ಟಿನ ಬೀಜಕಣ ಬಿತ್ತಿ, ಬೆಚ್ಚಗಿನ ತೇವದ ಕೋಣೆಯಲ್ಲಿ ಇಡುವುದು. ಮೂರು ದಿನಕ್ಕೆ ತಟ್ಟೆ ತುಂಬ ಬೆಳೆ. ಅದನ್ನು ನೀರಿನಲ್ಲಿ ನೆನೆಸಿ ಹಿಂಡಿ, ರಸ ಸೋಸಿ, ಸ್ಪಿರಿಟ್ ಹಾಕಿದರೆ ಕಿಣ್ವ ತಳಕ್ಕಿಳಿಯುತ್ತದೆ. ಒಣಗಿಸಿದರೆ ಪುಡಿ. ಆ ಪುಡಿಯನ್ನು ಬಟ್ಟೆ ಮಿಲ್ಲುಗಳಿಗೆ ಕಳಿಸುತ್ತಿದ್ದೆವು.

ಯಜಮಾನರು ಮೊದಲು ಒಂದು ಬಟ್ಟೆ ಮಿಲ್ಲಿನ ಬಣ್ಣದ ವಿಭಾಗದಲ್ಲಿದ್ದವರು. ತೆಳ್ಳಗಿನ ಮನುಷ್ಯ, ಮೂಗಿನಲ್ಲಿ ಮಾತು. ಬಾಯಿ ತೆರೆಯುವ ಮುಂಚೆ ಎರಡು ಸಲ ಕೆಮ್ಮು, ಆಮೇಲೆ ‘ಅಂದ್ರೆ...’, ಕೊನೆಗೆ ‘ಗೊತ್ತಾಯ್ತೋ ಇಲ್ವೋ?’. ಇಂಥವರನ್ನು ದೇವರು ನನ್ನಂಥವರಿಗೆಂದೇ ಸೃಷ್ಟಿಸಿರುತ್ತಾನೆ.

ನನ್ನ ಆಟಕ್ಕೆ ಒಬ್ಬರೇ ಖಾಯಂ ಪ್ರೇಕ್ಷಕರು, ನಮ್ಮ ತಟ್ಟೆಗಳನ್ನು ಮಾಡಿಕೊಡುತ್ತಿದ್ದ ತಗಡಿನ ಕೆಲಸದ ಚಾಚಾ. ಬಸ್ ಸ್ಟ್ಯಾಂಡಿನ ಹತ್ತಿರ ಅವರ ಅಂಗಡಿ. ವಾರಕ್ಕೆರಡು ಸಲ ಬಂದು ತೂತು ಬಿದ್ದ ತಟ್ಟೆಗಳಿಗೆ ಬೆಸುಗೆ ಹಾಕುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಯಜಮಾನರು ಊಟಕ್ಕೆ ಮನೆಗೆ ಹೋಗಿದ್ದಾಗ, ನಾನು ಅವರ ಕುರ್ಚಿಯಲ್ಲಿ ಕೂತು ಚಾಚಾಗೆ ಅವರ ಪಾತ್ರ ತೋರಿಸುತ್ತಿದ್ದೆ. ಫೋನು ಬಡಿದುಕೊಂಡಿತು.

“ಎತ್ರೀ ಯಜಮಾನ್ರೇ,” ಚಾಚಾ ಕಣ್ಣು ಹೊಡೆದರು.

ಎತ್ತಿದೆ. ಜಗಳೂರಿನಿಂದ ಟ್ರಂಕ್ ಕಾಲ್. ಕಂಬಳಿ ನೇಯುವವರ ಸಂಘದ ಕಾರ್ಯದರ್ಶಿ.

“ನಮಸ್ಕಾರ್ರೀ. ನಿಮ್ದು ಗಂಜಿ ತೆಗಿಯೋ ಪುಡಿ ಐತಂತಲ್ರೀ. ನಮ್ಮ ಕಂಬಳಿ ಗಂಜಿ ತೆಗಿತೈತೇನ್ರೀ ಅದು?”

‘ಯಜಮಾನರಿಲ್ಲ, ಆಮೇಲೆ ಮಾಡಿ’ ಎಂದು ಹೇಳಬಹುದಿತ್ತು. ಆದರೆ ಚಾಚಾ ನೋಡುತ್ತಿದ್ದರು. ನೋಡುವವರಿದ್ದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಎರಡು ಸಲ ಕೆಮ್ಮಿದೆ.

“ಅಂದ್ರೆ... ನೋಡ್ರಿ. ಗಂಜಿ ಅಂದ್ರೆ ಗಂಜಿ. ನಮ್ಮ ಪುಡಿ ತಿನ್ನದೇ ಇರೋ ಗಂಜಿ ಇನ್ನೂ ಹುಟ್ಟಿಲ್ಲ. ಗೊತ್ತಾಯ್ತೋ ಇಲ್ವೋ?”

“ಗೊತ್ತಾತು ಬಿಡ್ರಿ! ಯುಗಾದಿ ಹೊತ್ತಿಗೆ ಕೊಡಾಕೆ ಆಗ್ತೈತೇನ್ರೀ?”

“ಕೊಟ್ವಿ ಅಂತ ತಿಳ್ಕಳ್ರಿ.”

ಚಾಚಾ ನಕ್ಕು ನಕ್ಕು ಬೆಸುಗೆ ಕಡ್ಡಿಯಿಂದ ಬೆರಳು ಸುಟ್ಟುಕೊಂಡರು. ನಾನು ಆ ಫೋನನ್ನು ಸಂಜೆಯೊಳಗೆ ಮರೆತೆ.

ಜಗಳೂರಿನವರು ಮರೆಯಲಿಲ್ಲ. ಹತ್ತು ದಿನಕ್ಕೆ ಕಾರ್ಯದರ್ಶಿ ಹೆಗಲ ಮೇಲೆ ಒಂದು ಕಂಬಳಿ ಹಾಕಿಕೊಂಡು ಖುದ್ದಾಗಿ ಬಂದ. ಕಂಬಳಿಯನ್ನು ನೆಲಕ್ಕೆ ಇಳಿಸಿದ. ಅದು ಮಡಚಿಕೊಳ್ಳದೆ ತಗಡಿನ ಹಾಗೆ ನಿಂತುಕೊಂಡಿತು.

“ಒಂದು ಆಸ್ಪತ್ರೆಯವ್ರು ಮಕ್ಕಳ ವಾರ್ಡಿಗೆ ಕಂಬಳಿ ಕೇಳಿದಾರ್ರೀ. ಮೆತ್ತಗಿರ್ಬೇಕಂತೆ. ನಾವೇ ತೊಳೆದು ನೋಡಿದ್ವಿ, ಗಂಜಿ ಬಿಡಲ್ಲ. ಆಗಲ್ಲ ಅಂತ ಹೇಳೋದ್ರಾಗಿದ್ವಿ, ಅಷ್ಟೊತ್ತಿಗೆ ನೀವು ಫೋನಿನಾಗೆ ಆಣೆ ಮಾಡ್ದಂಗೆ ಹೇಳಿದ್ರಲ್ಲ, ಧೈರ್ಯ ಬಂತು. ಒಪ್ಕಂಡ್ಬಿಟ್ಟಿವಿ. ಹನ್ನೆರಡು ಮಗ್ಗ ಇದೇ ಕೆಲ್ಸಕ್ಕೆ ಕುಂತಾವೆ. ಇದು ತಪ್ಪಿದ್ರೆ ಆಸ್ಪತ್ರೆಯವ್ರು ಮಿಲ್ಲಿನ ಬ್ಲಾಂಕೆಟ್ ತಗಂತಾರೆ, ಇನ್ನೊಂದ್ಸಲ ನಮ್ಮ ಕಡೆ ತಿರುಗಿ ನೋಡಲ್ಲ.”

ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಎರಡು ಸಲ ಕೆಮ್ಮಿ ಅವರು ಹೇಳಿದರು:

“ಅಂದ್ರೆ... ಹೌದು. ನಾನೇ ಹೇಳಿದ್ದು.”

ಅತಿಥಿ ಹೋದ ಮೇಲೆ ಬೈಗುಳಕ್ಕೆ ಕಾದೆ. ಬರಲಿಲ್ಲ. ಅದೇ ಕಷ್ಟವಾಯಿತು.

“ನನ್ನ ಧ್ವನೀಲಿ ಮಾತು ಕೊಟ್ಟಿದೀಯ,” ಎಂದರು. “ಆ ಮಾತನ್ನ ನಿಜ ಮಾಡೋ ಕೆಲಸ ನಿಂದು. ಆಗಲಿಲ್ಲ ಅಂದ್ರೆ ಯುಗಾದಿಗೆ ಮುಂಚೆ ಜಗಳೂರಿಗೆ ಹೋಗು, ಆ ಹನ್ನೆರಡು ಮಗ್ಗದವರ ಎದುರು ನಿಂತು, ನಿನ್ನ ಸ್ವಂತ ಧ್ವನೀಲಿ ಆಗಲ್ಲ ಅಂತ ಹೇಳು. ಅಲ್ಲಿಂದ ಹಂಗೇ ನ್ಯಾಮತಿ ಬಸ್ಸು ಹತ್ತು. ಇಲ್ಲಿಗೆ ಬರಬೇಡ.”

ಆ ದಿನ ಮೊದಲ ಸಲ ನನಗೆ ಅವರ ಧ್ವನಿಯನ್ನು ಅನುಕರಿಸುವ ಮನಸ್ಸಾಗಲಿಲ್ಲ.

ಆದರೂ ಕೆಲಸ ಸುಲಭವೆಂದೇ ಭಾವಿಸಿದ್ದೆ. ಕಂಬಳಿಯ ಒಂದು ತುಂಡು ಕತ್ತರಿಸಿ ಅದರ ಮೇಲೆ ಅಯೋಡಿನ್ ಹಾಕಿದೆ. ಪಿಷ್ಟ ಇದ್ದರೆ ನೀಲಿಯಾಗುತ್ತದೆ, ಹೈಸ್ಕೂಲಿನ ಪಾಠ. ಗಂಜಿಯ ಹಕ್ಕಳೆ ಎದ್ದ ಕಡೆಯೆಲ್ಲ ನೀಲಿಯಾಯಿತು. ಅದರಲ್ಲಿ ಹಸಿರು ಛಾಯೆ ಸ್ವಲ್ಪ ಬೆರೆತಿತ್ತು. ಇರಲಿ, ಕಂಬಳಿಯ ಬಣ್ಣವಿರಬೇಕು ಎಂದುಕೊಂಡೆ. ಬಣ್ಣ ನೋಡುವ ಕಣ್ಣು ಯಜಮಾನರದು. ನನಗೆ ದೇವರು ಕೊಟ್ಟದ್ದು ಕಿವಿ ಮಾತ್ರ.

ನಮ್ಮ ಪುಡಿಯ ನೀರಿನಲ್ಲಿ ತುಂಡನ್ನು ನೆನೆಸಿಟ್ಟೆ. ಮಾರನೆಯ ದಿನವೂ ಅದು ಬಕೆಟ್ಟಿನಲ್ಲಿ ಎದೆಯುಬ್ಬಿಸಿ ನಿಂತಿತ್ತು. ಪುಡಿ ಎರಡರಷ್ಟು ಹಾಕಿದೆ. ನಾಲ್ಕರಷ್ಟು ಹಾಕಿದೆ. ಸಿಟ್ಟು ಬಂದು ನೀರನ್ನೇ ಕುದಿಸಿದೆ. ಉಣ್ಣೆ ಕುಗ್ಗಿ, ಒಂದು ಮೊಳದ ತುಂಡು ಅಂಗೈ ಅಗಲವಾಯಿತು, ಹೋಳಿಗೆಯಷ್ಟು ದಪ್ಪ. ಗಂಜಿ ಮಾತ್ರ ಇದ್ದಲ್ಲೇ ಇತ್ತು.

“ಬಹುತ್ ಅಚ್ಛಾ,” ಚಾಚಾ ಅದನ್ನು ಎತ್ತಿ ನೋಡಿದರು. “ಬಿಸಿ ಪಾತ್ರೆ ಹಿಡಿಯಾಕೆ ನಮ್ಮ ಮನೆಯವ್ಳಿಗೆ ಒಂದು ಕೊಡು.”

ಹೀಗೆ ಕಂಬಳಿಯ ಅರ್ಧ ಮುಗಿಯಿತು. ಉಳಿದರ್ಧವನ್ನು ಎದುರಿಗಿಟ್ಟುಕೊಂಡು ಕೂತಾಗ ಹೊಳೆಯಿತು. ನಾನು ಫೋನಿನಲ್ಲಿ ‘ಗಂಜಿ ಅಂದ್ರೆ ಗಂಜಿ’ ಎಂದಿದ್ದೆ. ಯಾವುದರ ಗಂಜಿ ಎಂದು ಕೇಳಿರಲೇ ಇಲ್ಲ. ಅಂದೇ ದಾವಣಗೆರೆಗೆ ಹೋಗಿ, ಅಲ್ಲಿಂದ ಜಗಳೂರಿನ ಬಸ್ಸು ಹಿಡಿದೆ.

ಕಾರ್ಯದರ್ಶಿ ನನ್ನನ್ನು ಗಂಜಿ ಕಾಯಿಸುವ ಅಜ್ಜಿಯ ಅಂಗಳಕ್ಕೆ ಕರೆದುಕೊಂಡು ಹೋದ. ಆ ಬೀದಿಯ ಮಗ್ಗಗಳಿಗೆಲ್ಲ ಅವಳ ಕೈಯ ಗಂಜಿಯೇ ಆಗಬೇಕು. ಅಂಗಳದಲ್ಲಿ ಉದ್ದಕ್ಕೆ ಕರಿ ಉಣ್ಣೆಯ ಎಳೆಗಳ ಹಾಸು ಬಿಗಿದಿದ್ದರು. ಅಜ್ಜಿ ಒರಳಿನ ಮುಂದೆ ಕೂತು, ಹುರಿದು ಸಿಪ್ಪೆ ಬಿಡಿಸಿ ನೆನೆಹಾಕಿದ ಬಿಳಿ ಬೀಜಗಳನ್ನು ರುಬ್ಬುತ್ತಿದ್ದಳು.

“ಇದು ಯಾವ ಕಾಳು ಅಜ್ಜೀ?”

“ಯಾವ ಊರಪ್ಪಾ ನಿಂದು?”

“ನ್ಯಾಮತಿ.”

“ನ್ಯಾಮತ್ಯಾಗೆ ಹುಣಸೆಮರ ಇಲ್ವಾ? ಹುಣಸೆಬೀಜ ಕಣೋ ಇದು. ಜ್ವಾಳದ ಗಂಜಿ ಅಂದ್ಕಂಡಿದ್ಯಾ? ಜ್ವಾಳದ ಗಂಜಿ ಹಾಕಿದ್ರೆ ಉಣ್ಣೆಗೆ ಎಲ್ಲಿ ನಿಲ್ತೈತೆ? ಮಳೆ ಬಿದ್ರೆ ಹೊದ್ದೋನ ಮೈಮ್ಯಾಲೆ ಅಂಬಲಿ ಇಳಿತೈತೆ.”

ಬೀದಿಯ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಹುಣಸೆಬೀಜದೊಳಗಿರುವುದು ಪಿಷ್ಟವಲ್ಲ. ಅಯೋಡಿನ್ನಿಗೆ ಪಿಷ್ಟದ ಹಾಗೆಯೇ ನೀಲಿ ತೋರಿಸಿ ಮೋಸ ಮಾಡುವ ಬೇರೆಯದೇ ವಸ್ತು. ಆ ಹಸಿರು ಛಾಯೆಯೊಂದೇ ಅದರ ಗುರುತು. ಅಂದರೆ ಅದೂ ಒಂದು ಅನುಕರಣೆಯ ಕಲಾವಿದ. ಜೀವನದಲ್ಲಿ ಮೊದಲ ಸಲ ಇನ್ನೊಬ್ಬರ ಅನುಕರಣೆಗೆ ನಾನು ಬಲಿಬಿದ್ದಿದ್ದೆ.

ಅಂಗಳದ ಮೂಲೆಯಲ್ಲಿ ಒಂದು ಮಡಕೆ ಬೋರಲು ಬಿದ್ದಿತ್ತು. ಅದರಿಂದ ಕಂದು ನೀರು ಹರಿದು ಒಣಗಿತ್ತು.

“ಅದೇನಜ್ಜೀ?”

“ಹಳೇ ಗಂಜಿ. ನಾಕು ದಿನ ಹಂಗೇ ಇಟ್ಟಿದ್ದೆ, ಕರಿ ಬೂಷ್ಟು ಕುಂತ್ಕಂತು. ಅದು ಬಂದ್ರೆ ಮುಗೀತು, ಗಟ್ಟಿ ಗಂಜೀನೂ ನೀರಾಗಿ ಹೋಗ್ತೈತೆ. ದರಿದ್ರದ್ದು.”

ನಾನು ಆ ಮಡಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಒಳಗೆ, ಅಂಚಿನಲ್ಲಿ, ಕಾಡಿಗೆ ಚೆಲ್ಲಿದ ಹಾಗೆ ಕರಿ ಬೂಷ್ಟು. ನಾನು ಹುಡುಕಬೇಕಾಗಿದ್ದನ್ನು ಅಜ್ಜಿ ವರ್ಷಗಳಿಂದ ಬೈದು ಬೈದು ಚೆಲ್ಲುತ್ತಿದ್ದಳು.

“ಅಜ್ಜೀ, ಈ ಮಡಕೆ ನನಗೆ ಕೊಡ್ತೀಯಾ?”

ಅಜ್ಜಿ ಕಾರ್ಯದರ್ಶಿಯ ಕಡೆ ತಿರುಗಿದಳು. “ಈ ಹುಡುಗುನ್ನ ಬಿಸಿಲಾಗೆ ಜಾಸ್ತಿ ಹೊತ್ತು ನಿಲ್ಲಿಸ್ಬ್ಯಾಡ್ರಿ.”

ಮಡಕೆಯ ಬಾಯಿಗೆ ಟವೆಲ್ಲು ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಪಕ್ಕದ ಹೆಂಗಸು ಅಸ್ಥಿಯೆಂದು ತಿಳಿದು ಕೈಮುಗಿದಳು. ನಾನೂ ಮುಖ ಸಪ್ಪೆ ಮಾಡಿ ತಲೆಯಾಡಿಸಿದೆ. ಆರಾಮವಾಗಿ ಕೂರಲು ಜಾಗ ಸಿಕ್ಕಿತು.

ಚನ್ನಗಿರಿಯಲ್ಲಿ ಯಜಮಾನರು ಮಡಕೆಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. “ಈ ಕರಿ ಬೂಷ್ಟಿನ ಒಂದು ಕಣ ನಮ್ಮ ಹಸಿರು ತಟ್ಟೆಗಳಿಗೆ ಬಿದ್ರೆ ಇರೋ ಕೆಲಸಾನೂ ಹೋಗುತ್ತೆ. ಹಿಂದಿನ ಬಾಯ್ಲರ್ ಶೆಡ್ಡಿನಲ್ಲಿ ಮಾಡ್ಕೊ. ಸ್ನಾನ ಮಾಡಿ ಬಟ್ಟೆ ಬದಲಾಯಿಸದೆ ಈ ಕಡೆ ಕಾಲಿಡಬೇಡ.” ಆಮೇಲೆ ಮೆಲ್ಲಗೆ ಕೇಳಿದರು, “ಅಯೋಡಿನ್ ಹಾಕಿದಾಗ ಹಸಿರು ಛಾಯೆ ಇತ್ತಾ?”

“ಇತ್ತು.”

“ಹ್ಞೂಂ,” ಎಂದರು. ಆ ‘ಹ್ಞೂಂ’ ಒಳಗೆ ಒಂದು ಬುಟ್ಟಿಯಷ್ಟು ಬೈಗುಳವಿತ್ತು.

ಶೆಡ್ಡಿನಲ್ಲಿ ನನ್ನ ಸಂಸಾರ ಶುರುವಾಯಿತು. ಮಡಕೆಯಲ್ಲಿದ್ದದ್ದು ಹತ್ತಾರು ಜಾತಿಗಳ ಸಂತೆ. ಗಾಜಿನ ತಟ್ಟೆಗಳಲ್ಲಿ ಮತ್ತೆ ಮತ್ತೆ ಗೆರೆ ಎಳೆದು ಬೆಳೆಸಿ, ಕರಿಯದನ್ನು ಒಂಟಿ ಮಾಡಿದೆ. ತೌಡಿಗೆ ಹುಣಸೆಬೀಜದ ಪುಡಿ ಬೆರೆಸಿ ಅದಕ್ಕೆ ಊಟವಿಟ್ಟೆ. ಹುಣಸೆಬೀಜ ಕಂಡರೆ ತಾನೇ ಅದನ್ನು ಕರಗಿಸುವ ಕಿಣ್ವ ಬಿಡುವುದು? ನಾಲ್ಕು ದಿನಕ್ಕೆ ರಸ ಹಿಂಡಿದೆ.

ಅಳೆಯುವುದಕ್ಕೆ ಒಂದು ಗಾಜಿನ ಕೊಳವೆ, ಅದರ ಮೇಲೆ ಎರಡು ಗೆರೆ. ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಗಂಜಿ ಇಳಿಯಲು ಎಷ್ಟು ಹೊತ್ತು? ತಾಜಾ ಗಂಜಿ ಇಳಿಯುವಷ್ಟರಲ್ಲಿ ನಾನು ಚನ್ನಗಿರಿಯಿಂದ ಬಸವಾಪಟ್ಟಣದವರೆಗಿನ ಸ್ಟಾಪುಗಳನ್ನೆಲ್ಲ ಕಂಡಕ್ಟರನ ಧ್ವನಿಯಲ್ಲಿ ಕೂಗಿ ಮುಗಿಸುತ್ತಿದ್ದೆ. ರಸ ಬೆರೆಸಿ ಒಂದು ಗಂಟೆ ಇಟ್ಟ ಗಂಜಿ ಮೊದಲ ಸ್ಟಾಪಿಗೇ ಇಳಿದುಬಿಟ್ಟಿತು. ಕುಣಿಯುತ್ತ ಯಜಮಾನರ ಹತ್ತಿರ ಓಡಿದೆ.

ಅವರು ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತಲಿಲ್ಲ. “ರಸಾನ ಕುದಿಸಿ, ಆರಿಸಿ ಹಾಕಿ ನೋಡಿದ್ಯಾ?”

“ಕುದಿಸಿದ್ರೆ ಕಿಣ್ವ ಸಾಯುತ್ತಲ್ಲ ಸಾರ್.”

“ಅದಕ್ಕೇ. ಸತ್ತ ಮೇಲೂ ಕೆಲಸ ಮಾಡಿದ್ರೆ ಅದು ಕಿಣ್ವ ಅಲ್ಲ, ಬರೀ ಹುಳಿನೀರು. ಎರಡನ್ನೂ ಪಕ್ಕಪಕ್ಕ ಇಟ್ಟು ಅಳಿ. ಒಂದ್ಸಲ ಅಲ್ಲ, ಮೂರು ಬೆಳೆ ತೆಗೆದು, ಮೂರರಲ್ಲೂ ಅದೇ ಸಂಖ್ಯೆ ಬಂದ್ರೆ ನನ್ನ ಹತ್ರ ಬಾ.”

ಕುದಿಸಿದ ರಸ ಹಾಕಿದ ಗಂಜಿ ಬಸವಾಪಟ್ಟಣದವರೆಗೂ ಹೋಯಿತು. ಅಲ್ಲಿಗೆ ಒಂದು ಸಮಾಧಾನ. ಆದರೆ ಎರಡನೆಯ ಬೆಳೆಯ ರಸಕ್ಕೆ ಜೀವವೇ ಇರಲಿಲ್ಲ. ಮೂರನೆಯದು ಅರೆಜೀವ. ನಾಲ್ಕನೆಯದು ಮತ್ತೆ ಸತ್ತಿತು. ಅದೇ ಬೂಷ್ಟು, ಅದೇ ಶೆಡ್ಡು, ಅದೇ ನಾನು. ಊರಿನವರನ್ನೆಲ್ಲ ಅನುಕರಿಸುವ ನನಗೆ ಒಂದು ತಟ್ಟೆ ಇನ್ನೊಂದು ತಟ್ಟೆಯನ್ನು ಅನುಕರಿಸುವಂತೆ ಮಾಡಲು ಆಗುತ್ತಿರಲಿಲ್ಲ. ಯುಗಾದಿಗೆ ಒಂದು ತಿಂಗಳು ಉಳಿದಿತ್ತು.

ಬಿಡಬಾರದು ಎಂದು ಹಲ್ಲು ಕಚ್ಚಿದೆ. ಸತ್ತ ತಟ್ಟೆಯನ್ನು ಚೆಲ್ಲದೆ ಅದರೊಳಗೆ ಕೈಯಿಟ್ಟೆ. ಮೇಲೆ ತಣ್ಣಗಿತ್ತು. ನಡುವೆ ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತು, ತೌಡು ಹಿಟ್ಟಿನುಂಡೆಯಂತೆ ಕಟ್ಟಿಕೊಂಡಿತ್ತು. ಚೆನ್ನಾಗಿ ಬಂದ ಮೊದಲ ಬೆಳೆಯ ಚೀಲದಲ್ಲಿ ಉಳಿದಿದ್ದ ತೌಡನ್ನು ತಿಕ್ಕಿ ನೋಡಿದೆ. ಅದು ತರಿತರಿ, ಹೊಟ್ಟು ಬೆರೆತದ್ದು. ಎರಡೂ ಹೊನ್ನಾಳಿಯ ಒಂದೇ ಅಕ್ಕಿ ಮಿಲ್ಲಿನವು.

ಮಾರನೆಯ ದಿನ ಹೊನ್ನಾಳಿಗೆ ಹೋದೆ. ಮಿಲ್ಲಿನಲ್ಲಿ ಎರಡು ಮಷೀನು. ಹಳೆಯದು ಹೊಟ್ಟನ್ನೂ ಸೇರಿಸಿ ಒರಟು ತೌಡು ಬಿಡುತ್ತಿತ್ತು. ಹೊಸದರ ತೌಡು ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ.

“ಹೊಸಾ ಮಷೀನಿಂದು ಒಳ್ಳೇದು ಅಂತ ನಿಮ್ಗೇ ಎತ್ತಿಡ್ತಿದ್ವಲ್ರೀ,” ಮಿಲ್ಲಿನವನು ಬೇಜಾರು ಮಾಡಿಕೊಂಡ. “ಹಳೇದ್ರ ತೌಡು ಎಮ್ಮೆನೂ ಮೂಸಲ್ಲ.”

“ನಮ್ಮದು ಎಮ್ಮೆಗಿಂತ ಬಡಪ್ರಾಣಿ ಅಣ್ಣಾ. ಅದಕ್ಕೆ ಒರಟೇ ಆಗ್ಬೇಕು. ಉಸಿರಾಡಾಕೆ ಸಂದು ಬೇಕು.”

ಒರಟು ತೌಡಿನ ಚೀಲಗಳನ್ನು ಬಸ್ಸಿನ ಟಾಪಿಗೆ ಹಾಕಿಸಿ ತಂದೆ. ಚಾಚಾಗೆ ತಟ್ಟೆಯ ಎತ್ತರ ಅರ್ಧಕ್ಕಿಳಿಸಿ, ತಳಕ್ಕೆ ತೂತು ಹೊಡೆಯಲು ಹೇಳಿದೆ.

“ಅಲ್ಲಾ ಬೇಟಾ, ಇಷ್ಟು ವರ್ಷ ತೂತು ಮುಚ್ಚಾಕೆ ಕರಿತಿದ್ರಿ. ಈಗ ಹೊಡಿಯಾಕಾ?”

“ಮುಚ್ಚಿದ್ದು ನಿಮ್ಮ ತಪ್ಪು ಚಾಚಾ. ಪ್ರಾಯಶ್ಚಿತ್ತ ಮಾಡ್ಕಳ್ರಿ.”

ಬೈಯುತ್ತಲೇ ಮೊಳೆಯಿಂದ ಸಾಲುಸಾಲಾಗಿ ಹೊಡೆದುಕೊಟ್ಟರು. ತೌಡನ್ನು ಎರಡು ಬೆರಳು ದಪ್ಪಕ್ಕೆ ಮಾತ್ರ ಹರಡಿದೆ. ಗಂಟೆಗೊಮ್ಮೆ ಕೈಯಿಟ್ಟು ಶಾಖ ನೋಡಿದೆ, ಬಿಸಿಯೇರಿದರೆ ಬೀಸಣಿಗೆ ಹಿಡಿದೆ. ಆ ಬೆಳೆಯ ರಸ ಮೊದಲ ಸ್ಟಾಪಿಗೆ ಇಳಿಯಿತು. ಮುಂದಿನದೂ. ಅದರ ಮುಂದಿನದೂ. ಮೂರು ಬೆಳೆ, ಮೂರರಲ್ಲೂ ಹೆಚ್ಚುಕಡಿಮೆ ಅದೇ ಸೆಕೆಂಡುಗಳು.

ಈ ಸಲ ಕುಣಿಯಲಿಲ್ಲ. ಯಾವ ಶಾಖದಲ್ಲಿ ಚುರುಕು, ಎಲ್ಲಿ ಸಾಯುತ್ತದೆ, ಎಷ್ಟು ಹುಳಿ ಬೇಕು ಎಂದು ಒಂದೊಂದಾಗಿ ಅಳೆದು ಬರೆದೆ. ಕೈ ತಡೆಯುವಷ್ಟು ಬಿಸಿನೀರು ಅದಕ್ಕೆ ಹಿತ, ಅದರ ಮೇಲೆ ಹೋದರೆ ಮಲಗಿಬಿಡುತ್ತದೆ. ಸ್ವಲ್ಪ ಹುಳಿ ಇದ್ದರೆ ಹುರುಪು. ಯಜಮಾನರು ಕಾಗದವನ್ನು ಎರಡು ಸಲ ಓದಿ ಒಂದೇ ಪ್ರಶ್ನೆ ಕೇಳಿದರು: “ಉಣ್ಣೆ?” ರಸದಲ್ಲಿ ನೆನೆಸಿದ ಎಳೆಗೂ ನೆನೆಸದ ಎಳೆಗೂ ಒಂದೊಂದೇ ಬೋಲ್ಟು ತೂಗುಹಾಕುತ್ತ ಹೋಗಿ ತೋರಿಸಿದೆ. ಎರಡೂ ಒಂದೇ ಭಾರಕ್ಕೆ ಹರಿದವು.

“ಹೋಗು,” ಎಂದರು. “ಯುಗಾದಿಗೆ ಇನ್ನೂ ಐದು ದಿನ ಇದೆ.”

ಆ ರಸದಿಂದ ತೆಗೆದ ಪುಡಿಯನ್ನು ಡಬ್ಬಿಯಲ್ಲಿ ತುಂಬಿಕೊಂಡು ಜಗಳೂರಿಗೆ ಹೋದೆ. ಅಜ್ಜಿಯ ಅಂಗಳದಲ್ಲಿ ಕಡಾಯಿ ಇಟ್ಟು ನೀರು ಕಾಯಿಸಿ, ಹುಳಿಗೆ ಹುಣಸೆಹಣ್ಣನ್ನೇ ಕಿವುಚಿ ಹಾಕಿದೆ.

“ಹಣ್ಣಿನಿಂದ ಬೀಜಾನ ತೊಳಿತೀಯೇನೋ?” ಅಜ್ಜಿ ಕೇಳಿದಳು. “ಊಟಕ್ಕೂ ಸಾರು ಇದ್ರಾಗೇ ಮಾಡ್ತೀಯಾ?”

ಪುಡಿ ಬೆರೆಸಿ ಕಂಬಳಿ ಮುಳುಗಿಸಿದೆವು. ಹನ್ನೆರಡು ಮಗ್ಗದವರೂ ಕೆಲಸ ನಿಲ್ಲಿಸಿ ಬಂದು ಸುತ್ತ ನಿಂತರು. ನೋಡುವವರು ಇಷ್ಟು ಜನವಿದ್ದರೂ ನನ್ನ ಬಾಯಿಂದ ಒಂದು ಅನುಕರಣೆಯೂ ಹೊರಡಲಿಲ್ಲ. ಎರಡು ಗಂಟೆ ಕಳೆದ ಮೇಲೆ ಅಜ್ಜಿ ತೋಳು ಮೇಲೇರಿಸಿ ಕಡಾಯಿಗೆ ಕೈ ಹಾಕಿದಳು. ಕಂಬಳಿ ಅವಳ ತೋಳಿಗೆ ಹಸಿ ಸೀರೆಯ ಹಾಗೆ ಸುತ್ತಿಕೊಂಡು ಮೇಲೆ ಬಂತು. ತೊಳೆದು ಹಿಂಡಿ ಬಿಸಿಲಿಗೆ ಹಾಕಿದರು. ಒಣಗಿದ ಮೇಲೂ ಮೆತ್ತಗೇ ಇತ್ತು.

ಅಜ್ಜಿ ಅದನ್ನು ಕೆನ್ನೆಗೆ ಉಜ್ಜಿ ನೋಡಿದಳು. “ಮಕ್ಕಳಿಗೆ ಆತು. ನನಗೆ ಬ್ಯಾಡ ತಗೀರಿ. ಕಂಬಳಿ ಅಂದ್ರೆ ಚುಚ್ಚಬೇಕು. ಇಲ್ಲಾಂದ್ರೆ ಹೊದ್ದಿದೀನೋ ಇಲ್ವೋ ಹೆಂಗೆ ಗೊತ್ತಾಗ್ತೈತೆ?”

ಕಾರ್ಯದರ್ಶಿ ನನ್ನ ಎರಡೂ ಕೈ ಹಿಡಿದುಕೊಂಡ. “ನಿಮ್ಮ ಯಜಮಾನ್ರು ದೊಡ್ಡೋರು ಬಿಡಪ್ಪಾ. ಫೋನಿನಾಗೆ ಅಂದಂಗೇ ನಡ್ಕಂಡ್ರು.”

ಹೌದೆಂದು ತಲೆಯಾಡಿಸಿ ಬಸ್ಸು ಹತ್ತಬಹುದಿತ್ತು. ಗೆದ್ದವನು ತಪ್ಪೊಪ್ಪಿಕೊಳ್ಳಬೇಕೆಂದು ಯಜಮಾನರು ಹೇಳಿರಲಿಲ್ಲ. ಆದರೆ ಎರಡು ತಿಂಗಳು ಆ ಸುಳ್ಳನ್ನು ಹೊತ್ತು ಓಡಾಡಿದ್ದವನು ನಾನು.

“ಅಣ್ಣಾ, ಅವತ್ತು ಫೋನಿನಲ್ಲಿ ಮಾತಾಡಿದ್ದು ನಾನು. ಅವರ ಧ್ವನಿ ಮಾಡಿ ತಮಾಷೆಗೆ ಹೇಳಿದ್ದು.”

ಅವನ ಕೈ ಸಡಿಲವಾಯಿತು. ತಮ್ಮ ಹನ್ನೆರಡು ಮಗ್ಗ ಎಂಥ ಮಾತನ್ನು ನಂಬಿ ಕೂತಿದ್ದವು ಎಂದು ಅವನು ಲೆಕ್ಕ ಹಾಕುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು.

“ಎಲ್ಲಿ, ಮಾಡು ನೋಡಾನ,” ಎಂದಳು ಅಜ್ಜಿ.

ಎರಡು ಸಲ ಕೆಮ್ಮಿದೆ. “ಅಂದ್ರೆ... ಗಂಜಿ ಅಂದ್ರೆ ಗಂಜಿ. ಗೊತ್ತಾಯ್ತೋ ಇಲ್ವೋ?”

ಮೊದಲು ನಕ್ಕಿದ್ದು ಅಜ್ಜಿ. ಕೊನೆಗೆ ನಕ್ಕಿದ್ದು ಕಾರ್ಯದರ್ಶಿ, ಅದೂ ನನ್ನ ಬೆನ್ನಿಗೆ ಬಲವಾಗಿ ಒಂದು ಕೊಟ್ಟ ಮೇಲೆ.

ಯುಗಾದಿಗೆ ಮುಂಚೆ ಕಂಬಳಿಗಳು ಆಸ್ಪತ್ರೆ ಸೇರಿದವು. ನನ್ನ ನ್ಯಾಮತಿ ಬಸ್ಸು ತಪ್ಪಿತು. ಹಬ್ಬ ಕಳೆದು ಒಂದು ವಾರಕ್ಕೆ ಫೋನು ಬಡಿದುಕೊಂಡಿತು. ನಾನು ಪಕ್ಕದಲ್ಲೇ ಇದ್ದೆ. ಎತ್ತಿದವರು ಯಜಮಾನರು. ಎರಡು ಸಲ ಕೆಮ್ಮಿ, ‘ಅಂದ್ರೆ...’ ಎಂದರು. ಅಷ್ಟೇ. ಆ ಕಡೆಯ ಕಾರ್ಯದರ್ಶಿಯ ಧ್ವನಿ ನನಗೂ ಕೇಳುವಷ್ಟು ಜೋರಾಗಿತ್ತು.

“ಏ ತಮ್ಮಾ, ಸಾಕು ಬಿಡೋ ನಿನ್ನ ಆಟ! ಇನ್ನೊಂದ್ಸಲ ಪುಡಿ ಬೇಕಾಗೈತೆ, ಫೋನು ಯಜಮಾನ್ರಿಗೆ ಕೊಡು.”

“ರೀ, ನಾನೇ ಯಜಮಾನ.”

“ಥೇಟ್ ಅವ್ರಂಗೇ ಐತೆ, ಒಪ್ಕಂಡೆ. ಈಗ ಅವ್ರಿಗೆ ಕೊಡು.”

ಯಜಮಾನರ ಮೂಗು ಕೆಂಪಾಯಿತು. ಫೋನನ್ನು ನನ್ನ ಕಡೆ ಚಾಚಿದರು. “ತಗೋ. ನಾನು ನಾನೇ ಅಂತ ನೀನೇ ಹೇಳು.”

ತೆಗೆದುಕೊಂಡೆ. ಗಂಟಲಿಗೆ ಏನೇನೋ ಧ್ವನಿಗಳು ಬಂದವು. ಎಲ್ಲವನ್ನೂ ನುಂಗಿ ನನ್ನದರಲ್ಲೇ ಹೇಳಿದೆ. “ಅಣ್ಣಾ, ಈಗ ಮಾತಾಡಿದ್ದು ಖರೇನೇ ಯಜಮಾನ್ರು.”

“ಹಂಗಾ? ನೀನು ಹೇಳಿದ್ಮ್ಯಾಲೆ ಆತು ಬಿಡು,” ಎಂದ ಅವನು. “ಪುಡಿ ಯಾವಾಗ ಕೊಡ್ತೀರಿ?”

ಬಾಯಿಗೆ ಬಂದ ದಿನ ಹೇಳಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು, ಶೆಡ್ಡಿಗೆ ಹೋಗಿ, ತಟ್ಟೆಯೊಳಗೆ ಕೈಯಿಟ್ಟು ಶಾಖ ನೋಡಿ, ಬಂದು ದಿನ ಹೇಳಿದೆ.